ಪುಕ್ಕಟೆ ಕೋಡ್ ಬೇಕು, ಪ್ಯಾಚ್ ಕಳಿಸಲು ಅನುಮತಿಯಿಲ್ಲ

ಬೆಂಗಳೂರಿನ ಖಾಸಗಿ ಬಾಹ್ಯಾಕಾಶ ಕಂಪನಿಗಳ ಆಡಳಿತ ವರ್ಗದವರಿಗೆ,



ನಾನು ಉಪಗ್ರಹಗಳ ಕಕ್ಷೆಯ ಲೆಕ್ಕ ಹಾಕುವ ಫ್ಲೈಟ್ ಡೈನಾಮಿಕ್ಸ್ ವಿಭಾಗದಲ್ಲಿ ದುಡಿಯುವವನು. 2020ರಲ್ಲಿ ಕೇಂದ್ರ ಸರ್ಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ ನಮ್ಮೂರಲ್ಲಿ ಹೊಸ ಕಂಪನಿಗಳಿಗೆ ಬರವಿಲ್ಲ. ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳಲ್ಲಿ ‘ಸ್ವಂತ ತಂತ್ರಜ್ಞಾನ’ ಎಂದಿರುತ್ತದೆ. ಒಳಗೆ ಬಂದು ನೋಡಿದರೆ, ನಾನು ಕಂಡ ಮಟ್ಟಿಗೆ, ಲೆಕ್ಕ ನಿಂತಿರುವುದು ಓಪನ್ ಸೋರ್ಸ್ ಲೈಬ್ರರಿಗಳ ಮೇಲೆ.

ಬಳಸುವುದು ತಪ್ಪಲ್ಲ. ಒರೆಕಿಟ್ ಅನ್ನೇ ನೋಡಿ. ಫ್ರಾನ್ಸಿನ ಸಿಎಸ್ ಕಂಪನಿ 2002ರಲ್ಲಿ ಬರೆಯಲು ಶುರು ಮಾಡಿದ ಈ ಜಾವಾ ಲೈಬ್ರರಿಯನ್ನು 2008ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಭೂಮಿಯ ಗುರುತ್ವದ ಏರುಪೇರು, ಮೇಲಿನ ತೆಳು ಗಾಳಿಯ ತಡೆ, ಬಿಸಿಲಿನ ಒತ್ತಡ, ಚಂದ್ರ ಸೂರ್ಯರ ಸೆಳೆತ ಎಲ್ಲವೂ ಅದರಲ್ಲಿ ಸಿದ್ಧವಾಗಿದೆ. ಇದನ್ನು ಮೊದಲಿನಿಂದ ಬರೆಯಲು ಕೂತರೆ ನಿಮ್ಮ ಮೊದಲ ಸುತ್ತಿನ ಬಂಡವಾಳ ಅದಕ್ಕೇ ಕರಗೀತು. ಅಪಾಚೆ ಲೈಸೆನ್ಸ್ ಇರುವುದರಿಂದ ನೀವು ಮಾಡಿದ ತಿದ್ದುಪಡಿಯನ್ನು ಮರಳಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ನನ್ನ ದೂರು ಇಲ್ಲಿಂದಲೇ ಶುರು.

ಹಿಂದೆ ನಾನಿದ್ದ ಕಂಪನಿಯ ಒಂದು ಪ್ರಸಂಗ ಕೇಳಿ. ಭೂಮಿ ಗಡಿಯಾರದಷ್ಟು ಕರಾರುವಾಕ್ಕಾಗಿ ತಿರುಗುವುದಿಲ್ಲ. ಆ ವ್ಯತ್ಯಾಸದ ಪಟ್ಟಿಯನ್ನು ಐಇಆರ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಆಗಾಗ ಪ್ರಕಟಿಸುತ್ತದೆ. ನಾವು ಬಳಸುತ್ತಿದ್ದ ಒಂದು ಲೈಬ್ರರಿ, ಪಟ್ಟಿ ಮುಗಿದ ದಿನದಿಂದಾಚೆಗೆ ವ್ಯತ್ಯಾಸವನ್ನು ಸೊನ್ನೆ ಎಂದು ಹಿಡಿದು, ಎಚ್ಚರಿಕೆಯನ್ನೂ ಕೊಡದೆ ಲೆಕ್ಕ ಮುಂದುವರಿಸುತ್ತಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಸಮಭಾಜಕ ವೃತ್ತದ ಬಳಿ ನೆಲದ ಗುರುತು ಸುಮಾರು 46 ಮೀಟರ್ ಸರಿಯುತ್ತದೆ. ಬೆಳೆ ಸಮೀಕ್ಷೆಗೆ ಚಿತ್ರ ಮಾರುವವರಿಗೆ ಅಷ್ಟು ಸಾಕು, ಒಬ್ಬರ ಗದ್ದೆ ಇನ್ನೊಬ್ಬರದಾಗುತ್ತದೆ.

ತಪ್ಪು ಹುಡುಕಿ ಕೆಲವೇ ಸಾಲಿನ ಪ್ಯಾಚ್ ಬರೆದೆವು. ಅದನ್ನು ಲೈಬ್ರರಿಯವರಿಗೆ ಕಳಿಸಲು ಲೀಗಲ್ ವಿಭಾಗದ ಒಪ್ಪಿಗೆ ಕೇಳಿದರೆ, ‘ನಮ್ಮ ಕೋಡ್ ಹೊರಗೆ ಹೋಗುವಂತಿಲ್ಲ’ ಎಂಬ ಉತ್ತರ ಬಂತು. ನಮ್ಮ ಕೋಡಂತೆ! ಮುಂದೆ ಹೊಸ ಆವೃತ್ತಿ ಹಾಕಿದಾಗ ಆ ಪ್ಯಾಚ್ ಅಳಿಸಿಹೋಯಿತು, ಹಳೇ ತಪ್ಪು ಮರಳಿತು, ಅಷ್ಟರಲ್ಲಿ ಅದನ್ನು ಬರೆದವರು ಕೆಲಸ ಬಿಟ್ಟಿದ್ದರು. ಕಳಿಸಿದ್ದರೆ ಅದರ ಉಸ್ತುವಾರಿ ಲೈಬ್ರರಿಯವರದೇ ಆಗುತ್ತಿತ್ತು.

ಹೀಗೆ ಎಲ್ಲರೂ ತೆಗೆದುಕೊಂಡು ಸುಮ್ಮನಾದರೆ ಲೈಬ್ರರಿಗಳು ಎಷ್ಟು ಕಾಲ ಉಳಿದಾವು? ವಿದ್ಯಾರ್ಥಿಗಳು ಇಷ್ಟಪಟ್ಟು ಬಳಸುತ್ತಿದ್ದ ಪೈಥಾನ್‌ನ ಪೋಲಿಆಸ್ಟ್ರೋ ಯೋಜನೆಗೆ 2023ರಲ್ಲಿ ಬೀಗ ಬಿತ್ತು. ಒರೆಕಿಟ್‌ನ ಬೆನ್ನಿಗೆ ಕಂಪನಿಯಿದೆ. ಎಲ್ಲಕ್ಕೂ ಆ ಭಾಗ್ಯವಿಲ್ಲ.

ನಿಮ್ಮ ಉಪಗ್ರಹದ ವಿನ್ಯಾಸವನ್ನಾಗಲಿ, ಗ್ರಾಹಕರ ಗುಟ್ಟನ್ನಾಗಲಿ ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಬಳಸುವ ಲೈಬ್ರರಿಗಳಲ್ಲಿ ಕಂಡ ತಪ್ಪು ತಿದ್ದಿ ಕಳಿಸಲು ಇಂಜಿನಿಯರುಗಳಿಗೆ ಪ್ರತಿ ಸಲ ಕೇಳಬೇಕಾಗದಂಥ ಸ್ಥಾಯಿ ಅನುಮತಿ ಕೊಡಿ. ಅದಕ್ಕೆ ಕಚೇರಿ ವೇಳೆಯಲ್ಲೇ ಒಂದಿಷ್ಟು ಹೊತ್ತು ಇರಲಿ. ಸಾಧ್ಯವಾದರೆ ನಿಮ್ಮ ನಿವೃತ್ತ ಉಪಗ್ರಹಗಳ ಜಿಪಿಎಸ್ ದತ್ತಾಂಶವನ್ನೂ ಹೊರಗೆ ಬಿಡಿ; ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಅಂಥದ್ದು ಸಿಗುವುದೇ ಕಷ್ಟ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಚರ್ಚೆಗೆ ತರಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಇಂಜಿನಿಯರ್, ಬೆಂಗಳೂರು