ಸ್ಪ್ಯಾಮ್ ಶೋಧಕದ ಆಯ್ಕೆ: ತಡೆದದ್ದೆಷ್ಟು ಎಂಬುದರ ಜೊತೆಗೆ ಕಳೆದದ್ದೇನು ಎಂಬುದನ್ನೂ ಕೇಳಿ

ಉದ್ಯಮವೊಂದರ ಬಾಗಿಲಿಗೆ ಬರುವ ಟಪಾಲನ್ನು ಸ್ವೀಕರಿಸಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ದಾಖಲಿಸಿ, ಸಂಬಂಧಪಟ್ಟವರ ಮೇಜಿಗೆ ತಲುಪಿಸಲು ಹಿಂದೆ ಪ್ರತಿಯೊಂದು ಕಚೇರಿಯಲ್ಲಿಯೂ ಒಬ್ಬ ಗುಮಾಸ್ತರಿರುತ್ತಿದ್ದರು. ಇಂದು ಆ ಕೆಲಸದ ಬಹುಪಾಲನ್ನು ಮಿಂಚಂಚೆಯ ಸರ್ವರ್ ಮತ್ತು ಅದರ ಮುಂದೆ ಕಾವಲಿರುವ ಸ್ಪ್ಯಾಮ್ ಶೋಧಕ ತಂತ್ರಾಂಶ ನಿರ್ವಹಿಸುತ್ತಿವೆ. ಗುಮಾಸ್ತರನ್ನು ನೇಮಿಸಿಕೊಳ್ಳುವಾಗ ಮಾಲೀಕರು ಹತ್ತು ಪ್ರಶ್ನೆ ಕೇಳುತ್ತಿದ್ದರು. ತಂತ್ರಾಂಶವನ್ನು ಕೊಳ್ಳುವಾಗ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ನೂರಕ್ಕೆ ಎಷ್ಟು ಸ್ಪ್ಯಾಮ್ ತಡೆಯುತ್ತದೆ? ಈ ಒಂದು ಪ್ರಶ್ನೆ ಸಾಲದು ಎಂಬುದೇ ಪ್ರಸ್ತುತ ಲೇಖನದ ವಾದ.

ಹೂಡಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುವ, ಯಂತ್ರಭಾಗಗಳನ್ನು ತಯಾರಿಸುವ ಘಟಕವೊಂದರ ಅನುಭವವನ್ನು ಇಲ್ಲಿ ಹೇಳಬೇಕಾಗಿದೆ. ಕಸದ ಪತ್ರಗಳ ಕಾಟ ತಾಳಲಾರದೆ ಆ ಘಟಕದವರು ತಮ್ಮ ಸರ್ವರ್‌ಗೆ ಹೊಸ ಶೋಧಕವನ್ನು ಅಳವಡಿಸಿಕೊಂಡರು. ಇನ್‌ಬಾಕ್ಸ್ ಸ್ವಚ್ಛವಾಯಿತು, ಎಲ್ಲರಿಗೂ ಸಂತೋಷವಾಯಿತು. ಎರಡು ತಿಂಗಳ ನಂತರ ಪುಣೆಯ ಖರೀದಿದಾರರೊಬ್ಬರು ದೂರವಾಣಿ ಮಾಡಿ, "ನಿಮ್ಮ ಜಿಎಸ್‌ಟಿ ನೋಂದಣಿ ರದ್ದಾಗಿದೆಯೆಂದು ಪೋರ್ಟಲ್ ತೋರಿಸುತ್ತಿದೆ, ಬಿಲ್ಲಿನ ಹಣವನ್ನು ತಡೆಹಿಡಿದಿದ್ದೇವೆ" ಎಂದರು. ವ್ಯವಹಾರ ಸ್ಥಳದ ವಿಳಾಸದ ಬಗ್ಗೆ ಸ್ಪಷ್ಟನೆ ಕೇಳಿ ಬಂದಿದ್ದ ಕಾರಣ ಕೇಳುವ ನೋಟಿಸಿನ ಮಿಂಚಂಚೆ, ಶೋಧಕದ ಕ್ವಾರಂಟೈನ್ ಪೆಟ್ಟಿಗೆಯಲ್ಲಿ ತೆರೆಯದೆ ಕುಳಿತಿತ್ತು. ಅದರ ಪಕ್ಕದಲ್ಲಿಯೇ ಇಬ್ಬರು ಹೊಸ ಗ್ರಾಹಕರ ದರವಿಚಾರಣೆಯ ಪತ್ರಗಳೂ ಇದ್ದವು. ಉತ್ತರ ಕೊಡಲು ನಿಯಮದ ಪ್ರಕಾರ ದೊರೆಯುವ 7 ಕೆಲಸದ ದಿನಗಳು ಎಂದೋ ಮುಗಿದುಹೋಗಿದ್ದವು. ನೋಂದಣಿ ಮರಳಿ ಊರ್ಜಿತವಾಗುವಷ್ಟರಲ್ಲಿ ಹಲವು ವಾರಗಳು ಕಳೆದವು.

ಶೋಧಕ ಕೆಟ್ಟಿರಲಿಲ್ಲ, ತನಗೆ ಹೇಳಿದ ಕೆಲಸವನ್ನೇ ಮಾಡಿತ್ತು. ಆ ಪೆಟ್ಟಿಗೆಯನ್ನು ತೆರೆದು ನೋಡುವುದು ಯಾರ ಕೆಲಸ ಎಂಬುದನ್ನು ಮಾತ್ರ ಯಾರೂ ತೀರ್ಮಾನಿಸಿರಲಿಲ್ಲ. ಅದೇ ನೋಟಿಸು ಪೋರ್ಟಲ್‌ನಲ್ಲಿಯೂ ಇತ್ತು. ಅದನ್ನು ವಾರಕ್ಕೊಮ್ಮೆಯಾದರೂ ತೆರೆದು ನೋಡಬೇಕಾಗಿದ್ದ ನನ್ನ ಕಚೇರಿಯ ಲೋಪವೂ ಇದರಲ್ಲಿ ಸೇರಿತ್ತೆಂದು ಒಪ್ಪಿಕೊಳ್ಳಲೇಬೇಕು.

ಕಾನೂನಿನ ದೃಷ್ಟಿಯಲ್ಲಿ

"ಪತ್ರ ಸ್ಪ್ಯಾಮ್‌ಗೆ ಹೋಗಿತ್ತು, ನಾವು ನೋಡಲಿಲ್ಲ" ಎಂಬ ಸಮಜಾಯಿಷಿಯನ್ನು ನಂಬಿ ಕೂರುವಂತಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿ ಕೊಟ್ಟಿರುವ ಮಿಂಚಂಚೆ ವಿಳಾಸಕ್ಕೆ ನೋಟಿಸು ಕಳುಹಿಸುವುದು ಅದನ್ನು ಜಾರಿ ಮಾಡುವ ಅಂಗೀಕೃತ ವಿಧಾನಗಳಲ್ಲಿ ಒಂದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು ಇನ್ನೂ ಸ್ಪಷ್ಟವಾಗಿದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪತ್ರ ಪಡೆಯಲೆಂದು ನಾವು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆ ಪ್ರವೇಶಿಸಿದ ಸಮಯವೇ ಅದರ ಸ್ವೀಕೃತಿಯ ಸಮಯ. ನಾವು ಅದನ್ನು ಓದಿದ ಸಮಯಕ್ಕೆ ಇಲ್ಲಿ ಲೆಕ್ಕವಿಲ್ಲ. ಅಂದರೆ, ನಮ್ಮ ಸರ್ವರ್‌ನೊಳಗೆ ಬಂದು ಕ್ವಾರಂಟೈನ್ ಸೇರಿದ ಪತ್ರದ ಹೊಣೆ ನಮ್ಮದೇ.

ಎರಡು ಬಗೆಯ ತಪ್ಪು

ಶೋಧಕ ಎರಡು ಬಗೆಯಲ್ಲಿ ತಪ್ಪಬಲ್ಲದು. ಕಸವನ್ನು ಒಳಗೆ ಬಿಡುವುದು ಮೊದಲನೆಯದು, ಒಳ್ಳೆಯ ಪತ್ರವನ್ನು ಕಸವೆಂದು ತಡೆಯುವುದು ಎರಡನೆಯದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲರೂ ದೂರುತ್ತಾರೆ. ಎರಡನೆಯದು ಕಾಣುವುದೇ ಇಲ್ಲ. ಬಾರದ ಪತ್ರದ ಬಗ್ಗೆ ದೂರುವವರು ಯಾರು?

ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. 40 ಮಂದಿ ಮಿಂಚಂಚೆ ಬಳಸುವ ಕಚೇರಿಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 20 ಕಸದ ಪತ್ರಗಳು ಬಂದು, ಒಂದನ್ನು ಅಳಿಸಲು 5 ಸೆಕೆಂಡು ತಗಲಿದರೆ, ದಿನಕ್ಕೆ 4,000 ಸೆಕೆಂಡು ಅಥವಾ ಸುಮಾರು 67 ನಿಮಿಷ ವ್ಯರ್ಥ. 25 ಕೆಲಸದ ದಿನಗಳಿಗೆ ಸುಮಾರು 28 ಗಂಟೆ. ಇದು ನಷ್ಟವೇ ಸರಿ, ಆದರೆ ರೂಪಾಯಿಯಲ್ಲಿ ಎಣಿಸಿ ಮುಗಿಸಬಹುದಾದ ನಷ್ಟ. ಇನ್ನು ಅದೇ 40 ಮಂದಿಗೆ ದಿನಕ್ಕೆ ತಲಾ 50 ಒಳ್ಳೆಯ ಪತ್ರಗಳು ಬರುತ್ತವೆಂದು ಇಟ್ಟುಕೊಂಡರೆ ಒಟ್ಟು 2,000. ಒಳ್ಳೆಯ ಪತ್ರಗಳನ್ನು ಗುರುತಿಸುವುದರಲ್ಲಿ ಶೋಧಕ ಶೇಕಡ 99.9ರಷ್ಟು ನಿಖರವೆಂದೇ ಒಪ್ಪಿದರೂ, ದಿನಕ್ಕೆ 2, ತಿಂಗಳಿಗೆ 50 ಒಳ್ಳೆಯ ಪತ್ರಗಳು ಜರಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆ 50ರಲ್ಲಿ ಒಂದು ಖರೀದಿ ಆದೇಶವಾಗಿರಬಹುದು, ಇನ್ನೊಂದು ನೋಟಿಸಾಗಿರಬಹುದು. ಕಳೆ ಕೀಳುವ ಭರದಲ್ಲಿ ಪೈರು ಕಿತ್ತ ಹಾಗೆ, ಈ ನಷ್ಟವನ್ನು ತಿಳಿಯುವುದು ಕೊಯ್ಲಿನ ಸಮಯದಲ್ಲಿಯೇ.

ಶೋಧಕ ತೀರ್ಮಾನಿಸುವ ಬಗೆ

ಅನಪೇಕ್ಷಿತ ಮಿಂಚಂಚೆ ಹೊಸ ಪಿಡುಗೇನಲ್ಲ. 1978ರ ಮೇ 3ರಂದು ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಪ್ರಚಾರಪತ್ರ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಹೋದದ್ದನ್ನೇ ಇಂಥ ಮೊದಲ ಪತ್ರವೆಂದು ಗುರುತಿಸಲಾಗುತ್ತದೆ. ಅದನ್ನು ತಡೆಯುವ ವಿಧಾನಗಳೂ ಬೆಳೆದು ಬಂದಿವೆ. ಕಳುಹಿಸಿದ ಸರ್ವರ್ ಕಪ್ಪುಪಟ್ಟಿಯಲ್ಲಿದೆಯೇ, ಕಳುಹಿಸಿದವರ ಗುರುತು ನಿಜವೇ, ಪತ್ರದ ಪದಗಳು ಎಂಥವು ಎಂಬುದನ್ನು ನೋಡಿ ಶೋಧಕ ಅಂಕಗಳನ್ನು ಕೂಡಿಸುತ್ತದೆ. ಉಚಿತವಾಗಿ ದೊರೆಯುವ ಸ್ಪ್ಯಾಮ್‌ಅಸಾಸಿನ್ ತಂತ್ರಾಂಶದಲ್ಲಿ, ನಾವು ಬದಲಿಸದಿದ್ದರೆ, 5 ಅಂಕ ಮುಟ್ಟಿದ ಪತ್ರ ಸ್ಪ್ಯಾಮ್ ಎನಿಸಿಕೊಳ್ಳುತ್ತದೆ.

ಪದಗಳ ಸಂಭವನೀಯತೆಯನ್ನು ಲೆಕ್ಕ ಹಾಕುವ ಬೇಯ್ಸ್ ವಿಧಾನ 2002ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧದಿಂದ ಜನಪ್ರಿಯವಾಯಿತು. ಬಳಕೆದಾರರ ಪತ್ರಗಳಿಂದಲೇ ಕಲಿಯುವುದು ಅದರ ಬಲ. ಇನ್‌ವಾಯ್ಸ್, ಪೇಮೆಂಟ್, ಕೊಟೇಶನ್, ಅರ್ಜೆಂಟ್ ಎಂಬ ಪದಗಳು ಬೇರೆಡೆ ಅನುಮಾನಕ್ಕೆ ಎಡೆಮಾಡಬಹುದು. ನಮ್ಮ ಘಟಕಗಳಲ್ಲಿ ಅವು ದಿನದ ಅನ್ನ. ಆದಕಾರಣ ನಮ್ಮ ಪತ್ರಗಳಿಂದ ಕಲಿಯದ ಶೋಧಕ ಎಷ್ಟೇ ದುಬಾರಿಯಾದರೂ ನಮಗೆ ಅರ್ಧ ಉಪಯೋಗಿ. ಭಾಷೆಯ ವಿಷಯವೂ ಹಾಗೆಯೇ. ಇಂಗ್ಲಿಷ್ ಪತ್ರವನ್ನಷ್ಟೇ ಒಪ್ಪುವಂತೆ ಹೊಂದಿಸಿಟ್ಟ ಶೋಧಕ, ಕನ್ನಡದಲ್ಲಿ ಬರೆದ ಪತ್ರಕ್ಕೆ ವಿನಾಕಾರಣ ಅನುಮಾನದ ಅಂಕ ಕೊಡಬಹುದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಒಂದು: ಅನುಮಾನಾಸ್ಪದ ಪತ್ರವನ್ನು ಶೋಧಕ ಏನು ಮಾಡುತ್ತದೆ? ಸದ್ದಿಲ್ಲದೆ ಅಳಿಸಿಹಾಕುವುದಾದರೆ ಅಂಥದ್ದು ಬೇಡ. ಬಾಗಿಲಿನಲ್ಲಿಯೇ ತಿರಸ್ಕರಿಸಿದರೆ ಸಾಮಾನ್ಯವಾಗಿ ಕಳುಹಿಸಿದವರಿಗೆ ಸುದ್ದಿ ತಲುಪುತ್ತದೆ, ಅವರು ದೂರವಾಣಿಯನ್ನಾದರೂ ಮಾಡುತ್ತಾರೆ. ಸಂದೇಹದ ಪತ್ರವನ್ನು ಕ್ವಾರಂಟೈನ್‌ನಲ್ಲಿಟ್ಟು ಪ್ರತಿದಿನ ಪಟ್ಟಿ ಕಳುಹಿಸುವ ಸೌಲಭ್ಯವಿರಲಿ.

ಎರಡು: ಪತ್ರವನ್ನು ಎಷ್ಟು ಹೊತ್ತು ತಡೆಯುತ್ತದೆ? ಅಪರಿಚಿತ ಸರ್ವರ್ ಕಳುಹಿಸಿದ ಪತ್ರವನ್ನು ಮೊದಲ ಸಲ ತಾತ್ಕಾಲಿಕವಾಗಿ ಹಿಂದಿರುಗಿಸಿ, ಮರುಪ್ರಯತ್ನಿಸಿದಾಗ ಸ್ವೀಕರಿಸುವ ಗ್ರೇಲಿಸ್ಟಿಂಗ್ ವಿಧಾನ ಕಸವನ್ನು ಚೆನ್ನಾಗಿ ತಡೆಯುತ್ತದೆ. ಆದರೆ 20ನೇ ತಾರೀಖಿನ ಸಂಜೆ ರಿಟರ್ನ್ ಸಲ್ಲಿಸಲು ಕುಳಿತಾಗ ಒಟಿಪಿ ಅವಧಿ ಮೀರಿದ ಮೇಲೆ ಬಂದರೆ ಪ್ರಯೋಜನವೇನು?

ಮೂರು: ವಿನಾಯಿತಿ ಪಟ್ಟಿ ಹೇಗೆ ಕೆಲಸ ಮಾಡುತ್ತದೆ? ಸರ್ಕಾರಿ ವಿಳಾಸಗಳನ್ನೂ ದೊಡ್ಡ ಗ್ರಾಹಕರ ವಿಳಾಸಗಳನ್ನೂ ಈ ಪಟ್ಟಿಗೆ ಸೇರಿಸುವುದು ವಿಹಿತ. ಆದರೆ ಕಳುಹಿಸಿದವರ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಲ್ಲರು. ಎಸ್‌ಪಿಎಫ್ ಅಥವಾ ಡಿಕೆಐಎಂ ಪರೀಕ್ಷೆಯಲ್ಲಿ ಆ ವಿಳಾಸ ನಿಜವೆಂದು ರುಜುವಾತಾದರೆ ಮಾತ್ರ ವಿನಾಯಿತಿ ದೊರೆಯುವಂತಿರಬೇಕು.

ನಾಲ್ಕು: ದಾಖಲೆ ಎಷ್ಟು ಕಾಲ ಉಳಿಯುತ್ತದೆ? ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ. ಪತ್ರ ಬಂದಿತ್ತೇ, ಎಲ್ಲಿ ನಿಂತಿತು ಎಂಬ ತಕರಾರಿನಲ್ಲಿ ನಮಗೂ ಅದೇ ಆಧಾರ.

ಐದು: ಒಟ್ಟು ಖರ್ಚೆಷ್ಟು? ಉಚಿತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ, ಆದರೆ ಅದನ್ನು ನೋಡಿಕೊಳ್ಳುವ ತಿಳಿದ ವ್ಯಕ್ತಿಗೆ ಸಂಬಳವಿದೆ. ಕ್ಲೌಡ್ ಸೇವೆಗೆ ಆ ತೊಡಕಿಲ್ಲ, ಆದರೆ ತಲಾ ಅಂಚೆಪೆಟ್ಟಿಗೆಗೆ ಶುಲ್ಕವಿದೆ, ಜೊತೆಗೆ ನಮ್ಮ ಪತ್ರವೆಲ್ಲ ಹೊರಗಿನವರ ಕೈ ಹಾದು ಬರುತ್ತದೆ. ಮೂರು ವರ್ಷಗಳ ಒಟ್ಟು ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆದು ಹೋಲಿಸುವುದು ಒಳಿತು.

ಈ ಉತ್ತರಗಳನ್ನು ಮಾರಾಟಗಾರರ ಮಾತಿನಿಂದಲ್ಲ, ಪರೀಕ್ಷೆಯಿಂದ ಪಡೆಯಬೇಕು. ಒಂದು ಪೂರ್ಣ ತಿಂಗಳು ಶೋಧಕ ಯಾವ ಪತ್ರವನ್ನೂ ತಡೆಯದೆ ಕೇವಲ ಗುರುತು ಹಾಕುವಂತೆ ಇಡಿ. ಟಿಡಿಎಸ್ ಪಾವತಿಯ 7, ಮಾಸಿಕ ರಿಟರ್ನ್‌ಗಳ 11 ಮತ್ತು 20ನೇ ತಾರೀಖುಗಳು ಆ ಅವಧಿಯಲ್ಲಿ ಬರಲಿ. ತಪ್ಪಾಗಿ ಗುರುತಾದ ಒಳ್ಳೆಯ ಪತ್ರಗಳೆಷ್ಟು ಎಂದು ಎಣಿಸಿ, ಆಮೇಲೆ ಚೆಕ್ಕಿಗೆ ಸಹಿ ಹಾಕಿ.

ಶೋಧಕದಿಂದ ಆಗದ ಕೆಲಸ

ಉತ್ತಮ ಶೋಧಕವೂ ಎಲ್ಲವನ್ನೂ ತಡೆಯಲಾರದು. ನಿಮ್ಮ ಸರಬರಾಜುದಾರರ ಹೆಸರಿನಲ್ಲಿ, ಸಭ್ಯ ಭಾಷೆಯಲ್ಲಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರುವ ವಂಚನೆಯ ಪತ್ರದಲ್ಲಿ ಸ್ಪ್ಯಾಮ್‌ನ ಯಾವ ಲಕ್ಷಣವೂ ಇಲ್ಲದಿರಬಹುದು. ತನ್ನ ಕೆಲವು ಉದ್ಯೋಗಿಗಳ ಖಾತೆಗಳು ಫಿಶಿಂಗ್ ದಾಳಿಗೆ ಒಳಗಾದುದನ್ನು ನಮ್ಮ ನಗರದ ವಿಪ್ರೋ ಸಂಸ್ಥೆಯೇ 2019ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತ್ತು. ತಜ್ಞರ ಪಡೆಯುಳ್ಳ ಸಂಸ್ಥೆಗೇ ಹೀಗಾದರೆ ನಾವು ಮೈಮರೆಯುವಂತಿಲ್ಲ. ಖಾತೆ ಬದಲಾವಣೆಯ ಕೋರಿಕೆ ಬಂದಾಗ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ಹಳೆಯ ಕಡತದಲ್ಲಿರುವ ಸಂಖ್ಯೆಗೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಣ ಪಡೆಯುವವರ ಹೆಸರನ್ನು ವರ್ಗಾವಣೆಗೆ ಮುನ್ನವೇ ತೋರಿಸುವ ಸೌಲಭ್ಯವನ್ನು ಆರ್‌ಟಿಜಿಎಸ್ ಮತ್ತು ಎನ್‌ಇಎಫ್‌ಟಿಗಳಲ್ಲಿ 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಅದನ್ನು ಬಳಸುವುದನ್ನು ರೂಢಿ ಮಾಡಿಕೊಳ್ಳಬೇಕು. ಮೋಸ ನಡೆದೇ ಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಕೊನೆಯದಾಗಿ ಸದಸ್ಯ ಮಿತ್ರರಲ್ಲಿ ಒಂದು ವಿನಂತಿ. ಯಾವ ತಂತ್ರಾಂಶವನ್ನಾದರೂ ಕೊಳ್ಳಿ, ಆದರೆ ಕ್ವಾರಂಟೈನ್ ಪೆಟ್ಟಿಗೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆದು ನೋಡುವ ಹೊಣೆಯನ್ನು ಒಬ್ಬರ ಹೆಸರಿಗೆ ಲಿಖಿತವಾಗಿ ವಹಿಸಿ, ಅವರು ರಜೆಯಲ್ಲಿದ್ದಾಗ ಯಾರು ನೋಡಬೇಕೆಂಬುದನ್ನೂ ಬರೆದಿಡಿ. ಮೇಲೆ ಹೇಳಿದ ಹೂಡಿಯ ಘಟಕದಲ್ಲಿ ಇಂದಿಗೂ ಅದೇ ಶೋಧಕವಿದೆ. ಬದಲಾಗಿರುವುದು ಇಷ್ಟೇ: ಲೆಕ್ಕಪತ್ರ ವಿಭಾಗದ ಹಿರಿಯ ಗುಮಾಸ್ತರೊಬ್ಬರು ದಿನಕ್ಕೆ ಎರಡು ಬಾರಿ ಹತ್ತು ನಿಮಿಷ ಅದರ ಮುಂದೆ ಕೂರುತ್ತಾರೆ, ನೋಡಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಾರೆ. ಲೆಕ್ಕಪರಿಶೋಧನೆಗೆ ಹೋದಾಗ ನಾನು ಮೊದಲು ಕೇಳುವುದು ಈಗ ಆ ರಿಜಿಸ್ಟರನ್ನೇ.