ಮೀನು ಪೀಡೆ ಒಯ್ಯುವುದಿಲ್ಲ

ತೊಟ್ಟಿಯಲ್ಲಿ ಮೀನು ಸತ್ತು ತೇಲಿದಾಗ ಹೇಳಲು ನಮ್ಮ ಕಡೆ ಒಂದು ಮಾತು ಯಾವಾಗಲೂ ಸಿದ್ಧ: ‘ಮನಿಗಿ ಬರೋ ಪೀಡಾ ಅದು ತಗೊಂಡು ಹೋತು ಬಿಡ್ರಿ.’ ಸತ್ತದ್ದನ್ನು ತಿಪ್ಪೆಗೆ ಎಸೆದು, ಮುಂದಿನ ಸಲ ಕಲಬುರಗಿಗೆ ಹೋದಾಗ ಇನ್ನೊಂದು ಜೋಡಿ ತಂದು ಬಿಡುತ್ತಾರೆ. ಅದೂ ಸಾಯುತ್ತದೆ, ಮತ್ತೆ ಅದೇ ಮಾತು. ಗೊಬ್ಬೂರಿನವರಿರಲಿ, ಆಳಂದ, ಜೇವರ್ಗಿಯವರಿರಲಿ, ಈ ಮಾತನ್ನು ಇನ್ನು ಬಿಡಬೇಕು. ಆ ಮೀನು ಯಾರ ಪೀಡೆಯನ್ನೂ ಒಯ್ಯಲಿಲ್ಲ. ತಾನೇ ಹೊರಹಾಕಿದ ಹೊಲಸಿನಲ್ಲಿ ಕಿವಿರು ಸುಟ್ಟುಕೊಂಡು ಸತ್ತಿತು. ಆ ಹೊಲಸನ್ನು ತೆಗೆಯಬೇಕಾದವರು ನಾವು, ತೆಗೆಯಲಿಲ್ಲ.

ಮೀನು ತಿಂದ ಆಹಾರದ ಪ್ರೋಟೀನು ಅಮೋನಿಯಾ ಆಗಿ ಹೆಚ್ಚಾಗಿ ಕಿವಿರಿನಿಂದಲೇ ನೀರಿಗೆ ಬರುತ್ತದೆ. ನೂರಕ್ಕೆ 40 ಪಾಲು ಪ್ರೋಟೀನಿರುವ ಕಾಳು ಒಂದು ಗ್ರಾಂ ಹಾಕಿದರೆ ಸುಮಾರು 37 ಮಿಲಿಗ್ರಾಂ ಅಮೋನಿಯಾ ಹುಟ್ಟುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ನಿಲ್ಲುವುದು 50 ಲೀಟರಿನಷ್ಟು ನೀರು. ಅಲ್ಲಿಗೆ ಲೀಟರಿಗೆ ಮುಕ್ಕಾಲು ಮಿಲಿಗ್ರಾಂ, ಅದೂ ಒಂದೇ ದಿನದಲ್ಲಿ. ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ‘ನೀರು ಎಷ್ಟು ಸ್ವಚ್ಛ ಅದ ನೋಡ್ರಿ’ ಎನ್ನುವವರು ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದಾರೆ.

ನಮ್ಮ ಸೀಮೆಯಲ್ಲಿ ಈ ಉದಾಸೀನಕ್ಕೆ ಶಿಕ್ಷೆ ಇನ್ನೂ ಜಾಸ್ತಿ. ನೀರಿನಲ್ಲಿರುವ ಅಮೋನಿಯಾವೆಲ್ಲ ಒಂದೇ ರೀತಿ ವಿಷವಲ್ಲ. ಪಿಎಚ್ 7 ಇದ್ದು ನೀರು 25 ಡಿಗ್ರಿ ಇದ್ದರೆ ಅದರಲ್ಲಿ ಸುಡುವ ಪಾಲು ನೂರಕ್ಕೆ ಅರ್ಧದ ಆಸುಪಾಸು. ಅದೇ ಪಿಎಚ್ 8ಕ್ಕೆ ಏರಿ ನೀರು 32 ಡಿಗ್ರಿಗೆ ಕಾದರೆ ನೂರಕ್ಕೆ ಎಂಟಾಗುತ್ತದೆ. ಬೋರಿನ ಗಡಸು, ಕ್ಷಾರದ ನೀರು. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್, ಮೇ. ಬೇರೆ ಕಡೆ ಮೀನು ಹೇಗೋ ಸಹಿಸುವ ಅಮೋನಿಯಾ ಇಲ್ಲಿ ಅದನ್ನು ಕೊಲ್ಲುತ್ತದೆ. ಕಾದ ನೀರಿನಲ್ಲಿ ಪ್ರಾಣವಾಯುವೂ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತದೆ, ಕಿವಿರಿನ ಅಂಚು ಕೆಂಪಾಗುತ್ತದೆ, ರೆಕ್ಕೆ ಮೈಗೆ ಅಂಟಿಕೊಳ್ಳುತ್ತದೆ. ಅದನ್ನು ನೋಡಿ ‘ಹಸಿವಾಗ್ಯದ’ ಎಂದು ಇನ್ನೊಂದು ಚಿಟಿಕೆ ಕಾಳು ಹಾಕುವವರಿದ್ದಾರೆ. ಉಸಿರು ಕಟ್ಟಿದವನ ಬಾಯಿಗೆ ತುತ್ತು ತುರುಕಿದ ಹಾಗೆ ಅದು.

ಇನ್ನು ಎಂಟು ಚಿನ್ನದ ಬಣ್ಣದವು, ಒಂದು ಕರಿಯದು, ಒಟ್ಟು ಒಂಬತ್ತು ಗೋಲ್ಡ್‌ಫಿಶ್ ಇಟ್ಟರೆ ಲಕ್ಷ್ಮಿ ಬರುತ್ತಾಳೆ ಎಂಬ ನಂಬಿಕೆ. ವಾಸ್ತುವಿನ ಹೆಸರಲ್ಲಿ ಫೆಂಗ್ ಶೂಯಿಯಿಂದ ಬಂದ ಲೆಕ್ಕ ಇದು. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವ ಮೀನು, ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟುತ್ತದೆ, ತಿನ್ನುವುದೂ ಹೊಲಸು ಮಾಡುವುದೂ ಬಹಳ. ಒಂದಕ್ಕೆ 40 ಲೀಟರ್ ಬೇಕೆನ್ನುತ್ತಾರೆ ಸಾಕಿ ಬಲ್ಲವರು. ಒಂಬತ್ತನ್ನು 50 ಲೀಟರಿಗೆ ತುಂಬುವುದು ಸಾಕುವುದಲ್ಲ, ಕೂಡಿಹಾಕಿ ಕೊಲ್ಲುವುದು. ನಿಮ್ಮದು ಎರಡಡಿ ತೊಟ್ಟಿಯೇ ಆಗಿದ್ದರೆ ಆರೇಳು ಗಪ್ಪಿ ಇಡಿ, ಅವು ಗಡಸು ನೀರಿಗೆ ಒಗ್ಗುತ್ತವೆ. ಗಂಡುಗಳನ್ನಷ್ಟೇ ಇಡಿ, ಹೆಣ್ಣು ಸೇರಿದರೆ ತಿಂಗಳಿಗೊಮ್ಮೆ ಮರಿ ಹಾಕಿ ತೊಟ್ಟಿ ಮತ್ತೆ ತುಂಬುತ್ತದೆ.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಭಾನುವಾರದ ತೊಳೆಯುವಿಕೆಯ ಮೇಲೆ. ಮೀನನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ಚೆಲ್ಲಿ, ಹರಳುಗಳನ್ನು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಬಿಳಿಯಾಗುವ ತನಕ ಹಿಂಡುತ್ತಾರೆ. ಆ ಸ್ಪಂಜಿನ ಕಂದು ಲೋಳೆಯಲ್ಲೇ ತೊಟ್ಟಿಯ ಜೀವ ಇದ್ದದ್ದು. ಅಲ್ಲಿನ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬಳಗ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಬ್ಲೀಚಿಂಗ್ ಪುಡಿ ಬೆರೆತ ಪಂಚಾಯ್ತಿ ನಳದ ನೀರು ಅದನ್ನು ಒಂದೇ ಸಲಕ್ಕೆ ಕೊಲ್ಲುತ್ತದೆ. ಮೂರನೇ ದಿನ ಮೀನು ಸತ್ತರೆ ದೃಷ್ಟಿ ತಾಗಿತು ಅಂತಾರೆ.

ನೀರು ವಾರಕ್ಕೊಮ್ಮೆ ಕಾಲುಭಾಗ ಬದಲಿಸಿದರೆ ಸಾಕು. ನಳದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಅಲುಗಾಡಿಸಿ. ಹೊಸ ತೊಟ್ಟಿಗೆ ಮೀನು ತರುವ ಮೊದಲು ಅಮೋನಿಯಾ ನೋಡುವ ಹನಿ ಔಷಧದ ಕಿಟ್ ತನ್ನಿ. ಸಾಮಾನ್ಯವಾಗಿ ಸಿಗುವ ಕಿಟ್ಟಿನಲ್ಲಿ ನೀರು ಹಳದಿಯಾಗಿ ಉಳಿದರೆ ಅಮೋನಿಯಾ ಇಲ್ಲ ಎಂದರ್ಥ, ಹಸಿರಿಗೆ ತಿರುಗಿದರೆ ಮೀನು ಬಿಡಬೇಡಿ. ಕರೆಂಟು ಹೋಗಿ ಫಿಲ್ಟರ್ ಗಂಟೆಗಟ್ಟಲೆ ನಿಂತ ದಿನ ಕಾಳು ಹಾಕಲೇಬೇಡಿ. ದೊಡ್ಡ ಮೀನು ಒಂದೆರಡು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ.

ಸಾಕಾಗಿಹೋಯಿತು ಎಂದು ಮೀನನ್ನು ಗಾಣಗಾಪುರದ ಭೀಮಾ-ಅಮರ್ಜಾ ಸಂಗಮಕ್ಕೆ ಒಯ್ದು ಬಿಟ್ಟು ಬರುವುದು ಪುಣ್ಯವಲ್ಲ. ಗಾಜು ತಿಕ್ಕುತ್ತದೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಭಾರತದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಸಾಕಲಾಗದ ಮೀನನ್ನು ಅಂಗಡಿಯವರಿಗೇ ಮರಳಿ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇದ್ದವರನ್ನು ಹುಡುಕಿ. ಭೀಮೆಗೂ ಅಮರ್ಜೆಗೂ ಬಿಡಬೇಡಿ.