ಗುಜರಿಯ ಶಾಕ್ ಅಬ್ಸಾರ್ಬರ್ ಮತ್ತು ಹುಕ್‌ನ ನಿಯಮ

ಬಳಸಿದ ಬಿಡಿಭಾಗಗಳನ್ನು ಕೊಂಡು ತಂದು, ಮನೆಯಂಗಳದಲ್ಲಿಯೇ ಹಳೆಯ ಮೋಟಾರು ಸೈಕಲ್ಲಿನ ಹಿಂಬದಿಯ ಸಸ್ಪೆನ್ಷನ್ನನ್ನು ಬದಲಿಸಿಕೊಳ್ಳುವವರನ್ನು ನಮ್ಮ ಜನ ಎರಡು ಬಗೆಯಲ್ಲಿ ಕಾಣುತ್ತಾರೆ. ಕೆಲವರ ಕಣ್ಣಿಗೆ ಅವರು ಜಿಪುಣರು. ಉಳಿದವರ ಕಣ್ಣಿಗೆ ಹುಚ್ಚು ಸಾಹಸಿಗಳು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಬೋಧಿಸಿದ ನನಗೆ ಈ ಎರಡು ತೀರ್ಪುಗಳೂ ಒಪ್ಪಿಗೆಯಾಗುವುದಿಲ್ಲ.

ನಮ್ಮ ಕಡೆ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಯೆಜ್ಡಿಯ ವಿಷಯದಲ್ಲಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ ಬೈಕುಗಳನ್ನೂ, 1973ರಿಂದ ಯೆಜ್ಡಿಗಳನ್ನೂ ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ರಸ್ತೆಗಿಳಿದವು, ನಿಜ. ಆದರೆ ಅವು ಬೇರೆಯೇ ಎಂಜಿನ್ನಿನ ಬೇರೆಯೇ ಗಾಡಿಗಳು. ಹಳೆಯ ಟೂ ಸ್ಟ್ರೋಕಿನ ಮಾಲೀಕನಿಗೆ ಅವುಗಳಿಂದ ಹೇಳಿಕೊಳ್ಳುವಂತಹ ಪ್ರಯೋಜನವಾಗಲಿಲ್ಲ. ಅವನು ಇಂದಿಗೂ ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನೋ ಜೆ.ಸಿ. ರಸ್ತೆಯ ಅಂಗಡಿಗಳನ್ನೋ ಅಲೆಯಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂತಹವರಲ್ಲಿ ಒಬ್ಬ. ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಸಾಮಾನಿನ ಚೀಲವನ್ನೂ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ವೃದ್ಧ ತಾಯಿಯನ್ನೂ ಹೊರುವುದು ಅದೇ ಯೆಜ್ಡಿ. ಅದರ ಹಿಂದಿನ ಶಾಕುಗಳು ಸೋತು, ಪ್ರತಿಯೊಂದು ಗುಂಡಿಯ ಪೆಟ್ಟೂ ನೇರವಾಗಿ ಆ ತಾಯಿಯ ಸೊಂಟಕ್ಕೆ ತಗಲುತ್ತಿತ್ತು. ಹೊಸ ಬೈಕು ಕೊಳ್ಳೆಂದು ಉಪದೇಶಿಸುವುದು ಸುಲಭ, ಸಾಲದ ಕಂತು ಕಟ್ಟುವವರು ಬೇರೆಯವರಾದಾಗ!

ಇಲ್ಲಿ ಸ್ವಲ್ಪ ಪಾಠ ಅನಿವಾರ್ಯ, ಓದುಗರು ಸಹಿಸಬೇಕು. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಪೆಟ್ಟಿನ ಶಕ್ತಿಯನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುತ್ತದೆ. ಅದೊಂದೇ ಇದ್ದರೆ ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಒಳಗಿನ ಡ್ಯಾಂಪರಿನಲ್ಲಿ ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಗ್ಗುವಾಗ ಆ ಶಕ್ತಿ ಶಾಖವಾಗಿ ಕರಗುತ್ತದೆ. ಎಣ್ಣೆ ಸೋರಿಹೋದ ಶಾಕಿಗೆ ಎಷ್ಟೇ ಗಟ್ಟಿಯಾದ ಸ್ಪ್ರಿಂಗು ಹಾಕಿದರೂ ರೋಗ ವಾಸಿಯಾಗದು. ಚಕ್ರ ರಸ್ತೆಯನ್ನು ಬಿಟ್ಟು ಪುಟಿಯುತ್ತದೆ, ಪುಟಿದ ಚಕ್ರಕ್ಕೆ ಬ್ರೇಕು ಹಿಡಿಯುವುದಿಲ್ಲ.

ಸ್ಪ್ರಿಂಗಿನ ವಿಷಯದಲ್ಲಿಯೂ ಕಣ್ಣಂದಾಜು ನಂಬಬಾರದು. ಸುರುಳಿಯ ಕಾಠಿಣ್ಯವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಉಳಿದೆಲ್ಲ ಅಳತೆ ಒಂದೇ ಆಗಿದ್ದು, 7 ಮಿಲಿಮೀಟರ್ ತಂತಿಯ ಬದಲು 8 ಮಿಲಿಮೀಟರಿನದು ಬಂದರೆ ಸ್ಪ್ರಿಂಗು ಸುಮಾರು ನೂರಕ್ಕೆ 70ರಷ್ಟು ಬಿರುಸಾಗುತ್ತದೆ. ಗುಜರಿಗೆ ಹೋಗುವವನ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಇನ್ನು ಕೆಳಗಿನ ಹಲ್ಲುಗಳುಳ್ಳ ಬಳೆಯನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂಬ ನಂಬಿಕೆ ಅನೇಕ ಮೆಕ್ಯಾನಿಕ್‌ಗಳಲ್ಲಿಯೂ ಇದೆ. ಹಾಗಾಗುವುದಿಲ್ಲ. ಗಾಡಿಯ ಹಿಂಭಾಗ ಮೇಲೇಳುತ್ತದೆ, ಅಷ್ಟೆ. ಪ್ರತಿ ಮಿಲಿಮೀಟರಿಗೆ ಬೇಕಾದ ಬಲ ಮೊದಲಿನಷ್ಟೇ ಉಳಿಯುತ್ತದೆ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು ಒಂಬತ್ತನೆಯ ತರಗತಿಯ ಹುಡುಗನೂ ಒಪ್ಪಿಸಬಲ್ಲ, ಆದರೆ ಅದನ್ನು ಬಳೆಗೆ ಅನ್ವಯಿಸುವವರು ಎಷ್ಟು ಮಂದಿ?

ಬಳಸಿದ ಶಾಕನ್ನು ಪರೀಕ್ಷಿಸುವುದು ಕಠಿಣವಲ್ಲ. ದಂಡದ ಹೊಳಪಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ಆ ಚುಕ್ಕೆಗಳು ಸೀಲನ್ನು ಬಹುಬೇಗ ಹರಿಯುತ್ತವೆ. ಕಣ್ಣಿನಿಂದ ಕಣ್ಣಿಗೆ ಇರುವ ಉದ್ದ ಹಳೆಯದಕ್ಕೆ ಸರಿಸಮನಾಗಿರಬೇಕು. ಉದ್ದ ಹೆಚ್ಚಾದರೆ ಹಿಂಭಾಗ ಎತ್ತರವಾಗಿ ಮುಂಚಕ್ರದ ಫೋರ್ಕು ನೆಟ್ಟಗಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ; ಕಡಿಮೆಯಾದರೆ ಟಯರು ಮಡ್‌ಗಾರ್ಡಿಗೆ ತಾಗುತ್ತದೆ. ಒಂದೇ ಮಾದರಿಯ ಜೋಡಿಯನ್ನೇ ಹಾಕಬೇಕು. ನನ್ನ ಶಿಷ್ಯ ಆಯ್ದದ್ದು ಈಚಿನ ಬೈಕೊಂದರ, ಅನಿಲ ತುಂಬಿದ ಜೋಡಿಯನ್ನು. ಒತ್ತಡದಲ್ಲಿರುವ ನೈಟ್ರೋಜನ್ ಎಣ್ಣೆಯಲ್ಲಿ ನೊರೆಯೇಳದಂತೆ ತಡೆಯುವುದರಿಂದ ಕೆಟ್ಟ ರಸ್ತೆಯಲ್ಲಿಯೂ ಅವು ದಣಿಯುವುದು ಕಡಿಮೆ. ಬುಷ್‌ಗಳನ್ನಷ್ಟೇ ಲೇತಿನಲ್ಲಿ ಮಾಡಿಸಿ, ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಯನ್ನು ಬಿಚ್ಚಿದ. ಹಾಗೆ ಮಾಡಿದರೆ ಚಕ್ರ ಕೆಳಗೆ ಜಾರುವುದಿಲ್ಲ. ಕೊನೆಯಲ್ಲಿ ಸರಪಳಿಯ ಬಿಗಿಯನ್ನು ಪುನಃ ನೋಡಿದ. ಸೀಟನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ಸುಮ್ಮನಾಗುತ್ತದೆ ಈಗ.

ಆದರೆ ನಾನು ಕಟುವಾಗಿ ವಿರೋಧಿಸುವ ಕೆಲಸಗಳೂ ಇವೆ. ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸುವುದು ಅವುಗಳಲ್ಲೊಂದು. ಕತ್ತರಿಸಿದ ತುದಿ ಸಮತಟ್ಟಾಗಿ ಕೂರದೆ ದಂಡವನ್ನು ಓರೆಯಾಗಿ ತಳ್ಳುತ್ತದೆ. ಅನಿಲದ ಶಾಕನ್ನು ಕೊರೆಯುವುದು, ಕಾಯಿಸುವುದು ಪ್ರಾಣಾಪಾಯದ ಮಾತು. ಚಾಸಿಗೆ ಬೆಸುಗೆ ಹಾಕಿ ಹೊಸ ಕೊಂಡಿ ಮಾಡುವವರಿಗಂತೂ ಕಾನೂನಿನ ರಕ್ಷಣೆ ದೊರೆಯದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಡಿ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಇದ್ದ ಕೊಂಡಿಗೇ ಅದೇ ಉದ್ದದ ಶಾಕನ್ನು ಕೂರಿಸುವುದು ನನ್ನ ದೃಷ್ಟಿಯಲ್ಲಿ ದುರಸ್ತಿಯೇ ಹೊರತು ಮಾರ್ಪಾಡಲ್ಲ. ಇನ್‌ಸ್ಪೆಕ್ಟರರ ದೃಷ್ಟಿ ಬೇರೆ ಇರಬಹುದೆಂದು ಅವನಿಗೂ ಹೇಳಿದ್ದೇನೆ.

ನಮ್ಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಸಣ್ಣ ಸ್ಪ್ರಿಂಗಿಗೆ ತೂಕದ ಬಟ್ಟುಗಳನ್ನು ನೇತುಹಾಕಿ ಪಾಠ ಮುಗಿಸುತ್ತಾರೆ. ಗುಜರಿಯಿಂದ ಸೋತದ್ದೊಂದು, ಸುಸ್ಥಿತಿಯದೊಂದು ಶಾಕ್ ತರಿಸಿ ಮೇಜಿನ ಮೇಲಿಡಲು ಹೆಚ್ಚಿನ ಅನುದಾನವೇನೂ ಬೇಡ. ಮಕ್ಕಳು ಎರಡನ್ನೂ ಕೈಯಿಂದ ಒತ್ತಿ ಬಿಟ್ಟು, ಎಷ್ಟು ಸಾರಿ ಪುಟಿದವೆಂದು ಎಣಿಸಿ ಬರೆದುಕೊಳ್ಳಲಿ.